ಕೊಕೇನು, ಸೇಂದಿಯ ಪುಡಿ ಮತ್ತು ಯಕೃತ್ತು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ, ಕೊಂಕಲ್ ಮೊದಲಾದ ಗ್ರಾಮಗಳ ವೃದ್ಧರ ಬಾಯಲ್ಲಿ ಸೇಂದಿಯೆಂದರೆ ಈಚಲಮರದ ರಸವು. ತಾಳೆಮರದ್ದಾದರೆ ಅದು ತಾಡಿ. ಈಡಿಗನು ಮರವೇರಿ, ಅದರ ಕೊರಳನ್ನು ಕೆತ್ತಿ, ಗಡಿಗೆಯನ್ನು ಕಟ್ಟಿ ಇಳಿಯುವನು. ರಾತ್ರಿಯೆಲ್ಲ ತೊಟ್ಟಿಕ್ಕಿದ ರಸವು ನಸುಕಿನಲ್ಲಿ ಸಿಹಿಯಾಗಿದ್ದು, ಬಿಸಿಲೇರಿದಂತೆ ಹುಳಿಯುತ್ತ, ಸಂಜೆಯ ಹೊತ್ತಿಗೆ ನೂರಕ್ಕೆ ನಾಲ್ಕೈದು ಪಾಲು ಆಲ್ಕೊಹಾಲನ್ನು ಪಡೆಯುವುದು. ಹೈದರಾಬಾದು ಸಂಸ್ಥಾನದ ಆಬ್ಕಾರಿ ಹುಟ್ಟುವಳಿಗೆ ಈ ಮರಗಳೇ ಒಂದು ದೊಡ್ಡ ಆಧಾರವಾಗಿದ್ದವು. ೧೯೪೮ರಲ್ಲಿ ನಿಜಾಮರ ಆಳಿಕೆಯು ಮುಗಿದ ತರುವಾಯವೂ, ೧೯೫೬ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿದ ತರುವಾಯವೂ ಸೇಂದಿಯಂಗಡಿಗಳು ನಡೆದೇ ಇದ್ದವು. ಕರ್ನಾಟಕ ಸರ್ಕಾರವು ೨೦೦೪ರಲ್ಲಿ ಈಚಲ ಸೇಂದಿಯನ್ನೂ, ೨೦೦೭ರ ಜುಲೈ ೧ರಿಂದ ಸಾರಾಯಿಯನ್ನೂ ನಿಲ್ಲಿಸಿತು. ಗಡಿಯಾಚೆಯ ತೆಲಂಗಾಣದಲ್ಲಿಯಾದರೋ ಸೇಂದಿಯು ನಿಷಿದ್ಧವಲ್ಲ.

ಮರಗಳು ಕಡಿಮೆಯಾಗಿ, ಕುಡಿಯುವವರು ಮಾತ್ರ ಕಡಿಮೆಯಾಗದಿದ್ದಲ್ಲಿ, ನಡುವಣ ಕೊರತೆಯನ್ನು ಯಾವುದಾದರೊಂದು ತುಂಬಲೇಬೇಕಾಗುವುದು. ತೆಲಂಗಾಣದಲ್ಲಿಯೂ ನಮ್ಮ ರಾಯಚೂರು ಯಾದಗಿರಿಗಳ ಕಡೆಯಲ್ಲಿಯೂ ಅದನ್ನು ತುಂಬಿದ ವಸ್ತುವಿಗೆ ಜನರು ‘ಸಿ.ಎಚ್. ಪೌಡರು’ ಎನ್ನುತ್ತಾರೆ. ಕ್ಲೋರಲ್ ಹೈಡ್ರೇಟು ಎಂಬುದು ಅದರ ಪೂರ್ಣನಾಮವು. ನೀರಿಗೆ ಈ ಪುಡಿಯನ್ನೂ, ಸಿಹಿಗೆ ಸ್ಯಾಕರೀನನ್ನೂ ಕೂಡಿಸಿ, ಬಣ್ಣಕ್ಕೂ ವಾಸನೆಗೂ ಕೊಂಚ ನಿಜವಾದ ಸೇಂದಿಯನ್ನು ಬೆರಸಿದರೆ ಕಲಬೆರಕೆಯ ಸೇಂದಿಯು ಸಿದ್ಧವಾಯಿತು. ಇದನ್ನು ಕುಡಿದು ರೂಢಿಯಾದವನಿಗೆ ಶುದ್ಧವಾದ ಮರದ ಸೇಂದಿಯು ಸಪ್ಪೆಯೆನಿಸುವುದು. ಅದರಿಂದ ನಿದ್ರೆಯೂ ಬಾರದು.

‘ಪುಡಿಯ ಸೇಂದಿಯು ಕರುಳನ್ನೂ ಯಕೃತ್ತನ್ನೂ ಸುಡುತ್ತದೆ’ ಎಂಬ ಮಾತು ಸರ್ವತ್ರ ಕೇಳಿಬರುತ್ತದೆ. ಸುಡುತ್ತದೆಯೆಂಬುದು ಜಠರದ ಮಟ್ಟಿಗೆ ಅಕ್ಷರಶಃ ಸತ್ಯವು, ಏಕೆಂದರೆ ಕ್ಲೋರಲು ತೀಕ್ಷ್ಣವಾದ ವಸ್ತು. ಯಕೃತ್ತಿನ ವಿಷಯದಲ್ಲಿ ಮಾತ್ರ ಸಂಗತಿಯು ಇಷ್ಟು ಸರಳವಾಗಿಲ್ಲ. ಹೊರಗಿನಿಂದ ಬಂದ ವಿಷವು ಸುಮ್ಮನೆ ಕುಳಿತಿರುವ ಯಕೃತ್ತನ್ನು ಸುಡುವುದೆಂದು ನಾವು ಚಿತ್ರಿಸಿಕೊಳ್ಳುತ್ತೇವೆ. ವಾಸ್ತವವಾಗಿ ಯಕೃತ್ತು ಆ ವಸ್ತುವನ್ನು ಬೇರೊಂದಾಗಿ ಮಾರ್ಪಡಿಸುವುದು, ಮತ್ತು ಅಪಾಯವು ಬಹುಮಟ್ಟಿಗೆ ಆ ಮಾರ್ಪಾಟಿನಿಂದಲೇ ಹುಟ್ಟುವುದು. ಈ ತತ್ತ್ವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟ ದ್ರವ್ಯವು ಕೊಕೇನು. ಅದು ಈ ಸೀಮೆಯ ವಸ್ತುವಲ್ಲ. ಕೊಂಕಲ್ಲಿನ ಕೂಲಿಗಾರನಿಗೆ ಅದರ ಬೆಲೆಯೇ ನಿಲುಕದು. ಆದರೂ ಅದರ ಮೇಲೆ ನಡೆದಷ್ಟು ಪರಿಶೀಲನೆಯು ಸೇಂದಿಯ ಪುಡಿಯ ಮೇಲೆ ನಡೆದಿಲ್ಲವಾದ ಕಾರಣ, ಮೊದಲು ಕೊಕೇನನ್ನು ತೆಗೆದುಕೊಂಡು, ಆಮೇಲೆ ಊರಿಗೆ ಮರಳುವುದು ಉಚಿತವೆಂದು ತೋರುತ್ತದೆ.

ಅದಕ್ಕೂ ಮುಂಚೆ ಯಕೃತ್ತಿನ ರಚನೆಯನ್ನು ಕುರಿತು ಕೆಲವು ಮಾತು. ಪ್ರೌಢ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಮು ತೂಗುವ ಈ ಅವಯವದ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತವು ಹರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜಠರ ಮತ್ತು ಕರುಳುಗಳಿಂದ ದ್ವಾರಸಿರೆಯ ಮೂಲಕ ನೇರವಾಗಿ ಬರುವುದು. ಆದಕಾರಣ ಉಂಡದ್ದು, ಕುಡಿದದ್ದು ಎಲ್ಲವೂ ಮಿಕ್ಕ ದೇಹಕ್ಕೆ ತಲುಪುವ ಮುನ್ನ ಯಕೃತ್ತಿನ ಸುಂಕದಕಟ್ಟೆಯನ್ನು ದಾಟಬೇಕು. ಒಳಗೆ ಯಕೃತ್ತು ಲಕ್ಷಾಂತರ ಸಣ್ಣ ಗುಡಿಗಳಾಗಿ ವಿಭಾಗವಾಗಿರುವುದು. ರಕ್ತವು ಪ್ರತಿಯೊಂದು ಗುಡಿಯ ಅಂಚಿನಲ್ಲಿ ಪ್ರವೇಶಿಸಿ, ಜೀವಕೋಶಗಳ ಸಾಲುಗಳ ನಡುವೆ ಹಾಯ್ದು, ಮಧ್ಯದ ಸಿರೆಯನ್ನು ಸೇರುತ್ತದೆ. ನಾರಾಯಣಪುರದ ಎಡದಂಡೆ ಕಾಲುವೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯ ತಲೆಯಲ್ಲಿರುವ ಹೊಲಕ್ಕೆ ನೀರು ಯಥೇಚ್ಛವಾಗಿ ದೊರೆಯುವುದು. ತುದಿಯ ಹೊಲದವನು ಕಾಯುತ್ತ ಕುಳಿತಿರಬೇಕು. ಹಾಗೆಯೇ ಗುಡಿಯ ಅಂಚಿನ ಕೋಶಗಳಿಗೆ ಆಮ್ಲಜನಕವು ಸಮೃದ್ಧವಾಗಿಯೂ, ಮಧ್ಯಸಿರೆಯ ಬಳಿಯ ಕೋಶಗಳಿಗೆ ಅತ್ಯಲ್ಪವಾಗಿಯೂ ದೊರೆಯುತ್ತದೆ. ವಿಚಿತ್ರವೇನೆಂದರೆ, ಪರದ್ರವ್ಯಗಳನ್ನು ಉತ್ಕರ್ಷಿಸಿ ಮಾರ್ಪಡಿಸುವ ಕಿಣ್ವಗಳು ಅತ್ಯಧಿಕವಾಗಿರುವುದು ಈ ತುದಿಯ ಹೊಲದಲ್ಲಿಯೇ. ದುಡಿಮೆಯು ಎಲ್ಲಿ ಹೆಚ್ಚೋ ಅಲ್ಲಿಯೇ ಉಸಿರು ಕಡಿಮೆ. (ಕಿಣ್ವವೆಂಬ ಶಬ್ದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ದ್ರವ್ಯವೆಂದೇ ಅರ್ಥ. ಈಗಿನ ವಿಜ್ಞಾನದ ಕನ್ನಡವು ಅದನ್ನು ವಿಸ್ತರಿಸಿಕೊಂಡಿದೆ; ಪ್ರಕೃತ ವಿಷಯಕ್ಕೆ ಎರಡೂ ಅರ್ಥಗಳು ಸಲ್ಲುತ್ತವೆ.)

ಕೊಕೇನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಕೋಕಾ ಎಂಬ ಪೊದೆಯ ಎಲೆಯಲ್ಲಿದೆ. ಅಲ್ಲಿನ ಜನರು ಆ ಎಲೆಯನ್ನು ಸುಣ್ಣದಂತಹ ಕ್ಷಾರದೊಡನೆ ಅಗಿಯುವುದು ಪುರಾತನವಾದ ಪದ್ಧತಿ. ಅದರ ಸತ್ತ್ವವನ್ನು ೧೮೬೦ರಲ್ಲಿ ಆಲ್ಬರ್ಟ್ ನೀಮನ್ ಎಂಬ ಜರ್ಮನ್ ರಸಾಯನಜ್ಞನು ಶುದ್ಧವಾಗಿ ಬೇರ್ಪಡಿಸಿ ಕೊಕೇನೆಂದು ಹೆಸರಿಟ್ಟನು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅದು ನೋವನ್ನು ಅಳಿಸುವುದೆಂದು ತೋರಿಸಿಕೊಟ್ಟನು. ಔಷಧವಾಗಿ ನಮ್ಮ ದೇಶಕ್ಕೆ ಬಂದ ವಸ್ತುವು ಬಹುಬೇಗನೆ ಕಲಕತ್ತೆ, ಬೊಂಬಾಯಿ, ದೆಹಲಿಗಳ ವೀಳ್ಯದೆಲೆಯನ್ನು ಹೊಕ್ಕಿತು. ಆಂಡೀಸಿನವರು ಎಲೆಗೆ ಸುಣ್ಣ ಹಚ್ಚಿದ ಕಾರಣಕ್ಕೂ, ನಮ್ಮವರು ಸುಣ್ಣದ ಎಲೆಯಲ್ಲಿ ಕೊಕೇನನ್ನಿಟ್ಟ ಕಾರಣಕ್ಕೂ ರಸಾಯನಶಾಸ್ತ್ರದಲ್ಲಿ ಭೇದವಿಲ್ಲ: ಕ್ಷಾರದ ಸಹವಾಸದಲ್ಲಿ ಕೊಕೇನು ಬಾಯಿಯ ಒಳಚರ್ಮವನ್ನು ಬೇಗನೆ ದಾಟುವುದು. ಈ ದುರಭ್ಯಾಸವನ್ನು ಕುರಿತು ಕರ್ನಲ್ ರಾಮನಾಥ ಚೋಪ್ರಾ ಅವರು ೧೯೩೧ರಲ್ಲಿ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದರು. ೧೯೩೦ರ ಅಪಾಯಕರ ದ್ರವ್ಯಗಳ ಅಧಿನಿಯಮವೂ, ಅದರ ಸ್ಥಾನದಲ್ಲಿ ೧೯೮೫ರಲ್ಲಿ ಬಂದ ಮಾದಕವಸ್ತುಗಳ ಅಧಿನಿಯಮವೂ ಇದನ್ನು ನಿರ್ಬಂಧಿಸಿದುವು.

ಯಕೃತ್ತಿನ ಮೇಲೆ ಕೊಕೇನಿನ ಪರಿಣಾಮವನ್ನು ಮೊದಲು ಗಮನಿಸಿದವನು ಪೌಲ್ ಎರ್ಲಿಖ್. ೧೮೯೦ರಲ್ಲಿ ಈತನು ಕೊಕೇನನ್ನುಂಡ ಇಲಿಗಳ ಯಕೃತ್ಕೋಶಗಳಲ್ಲಿ ವಿಶಿಷ್ಟವಾದ ವಿಕಾರವನ್ನು ಕಂಡು ಬರೆದಿಟ್ಟನು. ಆ ಮಾತು ಹೆಚ್ಚು ಕಡಿಮೆ ಎಂಭತ್ತು ವರ್ಷಗಳ ಕಾಲ ಹಾಗೆಯೇ ಬಿದ್ದಿದ್ದು, ೧೯೭೦ರ ದಶಕದಲ್ಲಿ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಮರಳಿ ಎದ್ದಿತು. ಆಗ ತಿಳಿದುಬಂದ ಕ್ರಮವು ಹೀಗಿದೆ. ದೇಹವನ್ನು ಸೇರಿದ ಕೊಕೇನಿನ ಬಹುಪಾಲನ್ನು ಎರಡು ಬಗೆಯ ಕಿಣ್ವಗಳು ನೀರಿನ ಸಹಾಯದಿಂದ ಒಡೆದು ನಿರುಪದ್ರವಿಯನ್ನಾಗಿ ಮಾಡುವುವು: ಯಕೃತ್ತಿನಲ್ಲಿರುವ ಕಾರ್ಬಾಕ್ಸಿಲ್ ಎಸ್ಟರೇಸು ಒಂದು, ರಕ್ತದಲ್ಲಿ ಸಂಚರಿಸುವ ಬ್ಯುಟಿರಿಲ್ ಕೋಲಿನೆಸ್ಟರೇಸು ಮತ್ತೊಂದು. ಇದು ಹೆದ್ದಾರಿಯು. ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಅಡ್ಡದಾರಿಯನ್ನು ಹಿಡಿಯುವುದು. ಮೇಲೆ ಹೇಳಿದ ಉತ್ಕರ್ಷಣ ಕಿಣ್ವಗಳು, ಎಂದರೆ ಸೈಟೋಕ್ರೋಮ್ ಪಿ-೪೫೦ ಎಂಬ ಕುಲದವು, ಅದನ್ನು ಮೊದಲು ನಾರ್‌ಕೊಕೇನನ್ನಾಗಿಯೂ, ಅಲ್ಲಿಂದ ಮುಂದೆ ನೈಟ್ರಾಕ್ಸೈಡು ಎಂಬ ಚಂಚಲವಾದ ಪದಾರ್ಥವನ್ನಾಗಿಯೂ ಮಾಡುತ್ತವೆ. ಇದು ನಿಂತಲ್ಲಿ ನಿಲ್ಲುವುದಲ್ಲ. ಹಿಂದಿನ ರೂಪಕ್ಕೆ ಹೋಗುವುದು, ಮತ್ತೆ ಬರುವುದು. ಪ್ರತಿಯೊಂದು ಸುತ್ತಿನಲ್ಲಿಯೂ ಆಮ್ಲಜನಕದ ಉಗ್ರರೂಪಗಳನ್ನು ಬಿಡುಗಡೆಮಾಡುವುದು. ಕೋಶಗಳಲ್ಲಿ ಇಂತಹ ಕಿಡಿಗಳನ್ನು ಆರಿಸುವುದಕ್ಕೆ ಗ್ಲೂಟಥಯೋನು ಎಂಬ ದ್ರವ್ಯದ ದಾಸ್ತಾನಿರುತ್ತದೆ. ಆ ದಾಸ್ತಾನು ತೀರಿದೊಡನೆ ಕೋಶವು ಸಾಯುವುದು. ಮನುಷ್ಯನಲ್ಲಿ ಸಾಯುವವು ಪ್ರಾಯಶಃ ಮಧ್ಯಸಿರೆಯ ಸುತ್ತಣ ಕೋಶಗಳು, ಎಂದರೆ ನಮ್ಮ ತುದಿಯ ಹೊಲವೇ. ಇಲಿಗಳಿಗೆ ಮೊದಲು ಫಿನೊಬಾರ್ಬಿಟಾಲನ್ನು ಕೊಟ್ಟು ಕಿಣ್ವಗಳ ಹಂಚಿಕೆಯನ್ನು ಬದಲಾಯಿಸಿದರೆ, ಗಾಯದ ಸ್ಥಳವೂ ಬದಲಾಗಿ ಅಂಚಿನ ಕಡೆಗೆ ಸರಿಯುವುದು. ಕೊಲ್ಲುವುದು ಕೊಕೇನಲ್ಲ, ಯಕೃತ್ತು ಅದರಿಂದ ತಯಾರಿಸಿದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ.

ಇಲಿಗೆ ಆದುದೆಲ್ಲ ಮನುಷ್ಯನಿಗೂ ಆಗುವುದೆಂದು ಹೇಳುವುದು ಸಾಧುವಲ್ಲ. ೧೯೮೭ರಿಂದೀಚೆಗೆ ಮನುಷ್ಯರಲ್ಲಿಯೂ ಕೊಕೇನಿನಿಂದ ಯಕೃತ್ತು ಕೆಟ್ಟ ನಿದರ್ಶನಗಳು ಪ್ರಕಟವಾಗಿವೆ. ಅಧಿಕ ಪ್ರಮಾಣವನ್ನು ಸೇವಿಸಿದ ಒಂದೆರಡು ದಿನಗಳಲ್ಲಿ, ಸಾಮಾನ್ಯವಾಗಿ ಸುಮಾರು ೪೦ರೊಳಗಿರಬೇಕಾದ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಅಂಕಗಳು ಸಾವಿರಗಳನ್ನು ಮುಟ್ಟುವುವು. ಆದರೆ ಇಂತಹ ರೋಗಿಗಳಲ್ಲಿ ಅನೇಕರಿಗೆ ಮೈಕಾವು ಅತಿಯಾಗಿ ಏರಿರುತ್ತದೆ, ಮಾಂಸಖಂಡಗಳು ಕರಗಿರುತ್ತವೆ, ರಕ್ತದ ಒತ್ತಡವು ಕುಸಿದಿರುತ್ತದೆ. ಕೊಕೇನು ರಕ್ತನಾಳಗಳನ್ನು ಬಿಗಿಹಿಡಿಯುವುದರಿಂದ, ಮೊದಲೇ ಉಸಿರು ಸಾಲದ ಕೋಶಗಳಿಗೆ ಅದೂ ತಪ್ಪುವುದು. ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂದು ಒಬ್ಬ ರೋಗಿಯಲ್ಲಿ ವಿಂಗಡಿಸುವುದು ಕಷ್ಟ. ಸೂಜಿಯನ್ನು ಹಂಚಿಕೊಳ್ಳುವವರಿಗೆ ಬಿ ಮತ್ತು ಸಿ ಜಾತಿಯ ಕಾಮಾಲೆಗಳು ಅಂಟುವುದು ಬೇರೆಯ ಸಂಗತಿ. ಈ ತೀವ್ರವಾದ ಗಾಯವು ಅಪರೂಪವೆಂದೂ, ಬದುಕಿ ಉಳಿದವನ ಯಕೃತ್ತು ಬಹುಶಃ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದೆಂದೂ ತಿಳಿದಿರತಕ್ಕದ್ದು.

ಆಲ್ಕೊಹಾಲು ಜೊತೆಗೂಡಿದರೆ ಸಂಗತಿಯು ಬೇರೆಯಾಗುವುದು. ನೀರಿನ ಸಹಾಯದಿಂದ ಕೊಕೇನನ್ನು ಒಡೆಯಬೇಕಾದ ಯಕೃತ್ಕಿಣ್ವವು, ಆಲ್ಕೊಹಾಲು ಎದುರಿಗಿದ್ದಾಗ ಒಂದು ಪಾಲನ್ನು ಆಲ್ಕೊಹಾಲಿನೊಡನೆ ಬೆಸೆದು ಕೊಕ-ಎಥಿಲೀನು ಎಂಬ ಹೊಸ ದ್ರವ್ಯವನ್ನು ಮಾಡುವುದು. ಇದನ್ನು ಯಾರೂ ಸೇವಿಸಿದ್ದಲ್ಲ, ಯಾವ ಕಾರ್ಖಾನೆಯೂ ಕಳಿಸಿದ್ದಲ್ಲ. ಕುಡಿದವನ ಯಕೃತ್ತೇ ಮಾಡಿದ್ದು. ಅದು ಕೊಕೇನಿಗಿಂತ ಹೆಚ್ಚು ಕಾಲ ದೇಹದಲ್ಲಿ ಉಳಿಯುವುದು, ಹೃದಯಕ್ಕೆ ಹೆಚ್ಚು ಅಪಾಯಕರವಾದುದು. ಇದಲ್ಲದೆ, ಆಲ್ಕೊಹಾಲಿನ ನಿತ್ಯಾಭ್ಯಾಸವು ಅಡ್ಡದಾರಿಯ ಕಿಣ್ವಗಳನ್ನು ಹೆಚ್ಚಿಸುತ್ತದೆ, ಗ್ಲೂಟಥಯೋನಿನ ದಾಸ್ತಾನನ್ನು ಕುಗ್ಗಿಸುತ್ತದೆ. ಆಲ್ಕೊಹಾಲನ್ನು ಮೊದಲು ಉಣ್ಣಿಸಿದ ಇಲಿಗಳ ಯಕೃತ್ತು ಕೊಕೇನಿಗೆ ಇಮ್ಮಡಿಯಾಗಿ ಈಡಾಗುವುದಕ್ಕೆ ಇದೇ ಕಾರಣವೆಂದು ಹೇಳಬಹುದು.

ಹೆದ್ದಾರಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ರಕ್ತದಲ್ಲಿರುವ ಬ್ಯುಟಿರಿಲ್ ಕೋಲಿನೆಸ್ಟರೇಸು ಎಲ್ಲರಲ್ಲಿಯೂ ಸಮನಾಗಿಲ್ಲ. ದಕ್ಷಿಣಭಾರತದ ವೈಶ್ಯ ಸಮುದಾಯದ ಕೆಲವರಲ್ಲಿ ಈ ಕಿಣ್ವವು ಹುಟ್ಟಿನಿಂದಲೇ ಇಲ್ಲವೆನ್ನುವಷ್ಟು ಕಡಿಮೆಯಾಗಿರುವುದು ವೈದ್ಯಗ್ರಂಥಗಳಲ್ಲಿ ಪ್ರಸಿದ್ಧವಾದ ಸಂಗತಿ. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕೊಡುವ ಸಕ್ಸಿನಿಲ್ ಕೋಲೀನು ಎಂಬ ಔಷಧದಿಂದ ಅಂಥವರ ಉಸಿರಾಟವು ನಿಮಿಷಗಳ ಬದಲು ಗಂಟೆಗಟ್ಟಲೆ ನಿಂತಿರುವುದರಿಂದ ಅರಿವಳಿಕೆಯ ವೈದ್ಯರು ಇದನ್ನು ವಿಚಾರಿಸಿಕೊಳ್ಳುವರು. ಇನ್ನು, ಶಹಾಪುರ ಸುರಪುರಗಳ ನೀರಾವರಿಯ ಹತ್ತಿ, ಭತ್ತ, ಮೆಣಸಿನಕಾಯಿಯ ಹೊಲಗಳಲ್ಲಿ ಸಿಂಪಡಿಸುವ ರಂಜಕದ ಕೀಟನಾಶಕಗಳು ಇದೇ ಎಸ್ಟರೇಸುಗಳನ್ನು ಕಟ್ಟಿಹಾಕುತ್ತವೆ. ಅಂತಹ ಡಯಾಜಿನಾನು ಎಂಬ ಕೀಟನಾಶಕವನ್ನು ಇಲಿಗಳಿಗೆ ಮೊದಲು ಕೊಟ್ಟು, ಆಮೇಲೆ ಕೊಕೇನನ್ನು ಕೊಟ್ಟಾಗ ಯಕೃತ್ತಿನ ಗಾಯವು ಬಹಳ ಹೆಚ್ಚಾಯಿತು. ಹೆದ್ದಾರಿಯನ್ನು ಮುಚ್ಚಿದರೆ ಬಂಡಿಗಳೆಲ್ಲ ಅಡ್ಡದಾರಿಗೆ ಇಳಿಯುವುವಷ್ಟೆ. ಒಂದೇ ದ್ರವ್ಯ, ಒಂದೇ ಪ್ರಮಾಣ. ಆದರೂ ಇಬ್ಬರಿಗೆ ಎರಡು ಗತಿಯೇಕೆಂಬುದಕ್ಕೆ ಇಂತಹ ಕಾರಣಗಳುಂಟು.

ಇನ್ನು ಸೇಂದಿಯ ಪುಡಿಗೆ ಬರೋಣ. ಕ್ಲೋರಲನ್ನು ೧೮೩೨ರಲ್ಲಿ ಲೀಬಿಗ್ ಎಂಬ ಪ್ರಖ್ಯಾತ ರಸಾಯನಜ್ಞನು ಆಲ್ಕೊಹಾಲಿನ ಮೇಲೆ ಕ್ಲೋರೀನ್ ಅನಿಲವನ್ನು ಹಾಯಿಸಿ ತಯಾರಿಸಿದನು. ನೀರಿನೊಡನೆ ಕೂಡಿದಾಗ ಅದು ಹರಳಾಗುವುದು; ಅದೇ ಕ್ಲೋರಲ್ ಹೈಡ್ರೇಟು. ೧೮೬೯ರಲ್ಲಿ ಬರ್ಲಿನ್ನಿನ ಲೀಬ್ರೈಖನು ಇದನ್ನು ನಿದ್ರೌಷಧವಾಗಿ ಬಳಕೆಗೆ ತಂದನು. ರಕ್ತದ ಕ್ಷಾರಗುಣದಿಂದ ಕ್ಲೋರಲು ಮೆಲ್ಲಮೆಲ್ಲನೆ ಕ್ಲೋರೊಫಾರಮಾಗಿ ಒಡೆದು ನಿದ್ರೆ ತರುವುದೆಂದು ಆತನ ಊಹೆ. ಪರೀಕ್ಷಾನಳಿಗೆಯಲ್ಲಿ ಸತ್ಯವಾದ ಆ ಊಹೆಯು ದೇಹದಲ್ಲಿ ಸುಳ್ಳಾಯಿತು. ಔಷಧವು ಮಾತ್ರ ನಿದ್ರೆಯನ್ನು ತಂದೇ ತಂದಿತು. ತಪ್ಪು ಸಿದ್ಧಾಂತದಿಂದ ಸರಿಯಾದ ಔಷಧವು ದೊರೆತ ಇಂತಹ ನಿದರ್ಶನಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳವಲ್ಲ. ಡಿ.ಡಿ.ಟಿ. ಎಂಬ ಕೀಟನಾಶಕಕ್ಕೆ ಕ್ಲೋರಲೇ ಮೂಲಪದಾರ್ಥಗಳಲ್ಲೊಂದು. ಅದು ಔಷಧದಂಗಡಿಯ ಸಣ್ಣ ಶೀಶೆಗೆ ಮಾತ್ರ ಸೀಮಿತವಾಗದೆ ಕಾರ್ಖಾನೆಯ ಚೀಲಗಳಲ್ಲಿ ತಯಾರಾದುದಕ್ಕೆ ಇದೂ ಒಂದು ಕಾರಣ.

ಲೀಬ್ರೈಖನ ಊಹೆಯ ಸ್ಥಾನದಲ್ಲಿ ನಿಜಸ್ಥಿತಿಯನ್ನು ೧೯೪೮ರಲ್ಲಿ ಬಟ್ಲರ್ ಎಂಬ ಅಮೆರಿಕನ್ ವಿದ್ವಾಂಸನು ಸ್ಥಾಪಿಸಿದನು. ಕುಡಿದ ಕ್ಲೋರಲು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುವುದು. ಯಕೃತ್ತಿನ ಆಲ್ಕೊಹಾಲ್ ಡಿಹೈಡ್ರೋಜನೇಸು ಎಂಬ ಕಿಣ್ವವು ಅದಕ್ಕೆ ಜಲಜನಕವನ್ನು ಕೂಡಿಸಿ ಟ್ರೈಕ್ಲೋರೊ-ಎಥನಾಲನ್ನಾಗಿ ಮಾಡುತ್ತದೆ. ಅಮಲನ್ನೂ ನಿದ್ರೆಯನ್ನೂ ತರುವುದು ಮುಖ್ಯವಾಗಿ ಈ ದ್ರವ್ಯವೇ ಹೊರತು ಕ್ಲೋರಲಲ್ಲ. ಸುಮಾರು ಎಂಟರಿಂದ ಹನ್ನೆರಡು ಗಂಟೆಗಳಲ್ಲಿ ಅದು ಅರ್ಧಕ್ಕೆ ಇಳಿಯುವುದು. ಆದಕಾರಣವೇ ರಾತ್ರಿ ಕುಡಿದವನು ಬೆಳಿಗ್ಗೆಯೂ ತೂಕಡಿಸುವನು. ಮತ್ತೊಂದು ಪಾಲು ಉತ್ಕರ್ಷಣೆ ಹೊಂದಿ ಟ್ರೈಕ್ಲೋರೊ-ಅಸೆಟಿಕ್ ಆಮ್ಲವಾಗುವುದು. ಅದರಿಂದ ಅಮಲಿಲ್ಲ, ಆದರೆ ಅದು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡು, ಅರ್ಧಕ್ಕೆ ಇಳಿಯುವುದಕ್ಕೇ ಮೂರು ನಾಲ್ಕು ದಿನಗಳನ್ನು ತೆಗೆದುಕೊಳ್ಳುವುದು. ದಿನವೂ ಕುಡಿಯುವವನ ದೇಹದಲ್ಲಿ ಅದು ತೀರುವ ಮುನ್ನವೇ ಮೇಲೆ ಮೇಲೆ ಸೇರುತ್ತ ಹೋಗುವುದೆಂಬುದನ್ನು ಲೆಕ್ಕಹಾಕಿ ತಿಳಿಯಬಹುದು. ಹೀಗೆ, ಕೊಕೇನಿನಲ್ಲಿ ಯಕೃತ್ತು ಅಮಲನ್ನು ಮುರಿಯುವ ಕೆಲಸದಲ್ಲಿ ವಿಷವನ್ನು ಹುಟ್ಟಿಸಿದರೆ, ಕ್ಲೋರಲಿನಲ್ಲಿ ಅಮಲನ್ನೇ ತಾನು ಹುಟ್ಟಿಸುವುದು.

ಈ ಪುಡಿಯು ಸೇಂದಿಯಲ್ಲಿ ಬೆರೆತಾಗ ನಡೆಯುವುದು ಇನ್ನೂ ವಿಶೇಷವಾದುದು. ಸೇಂದಿಯ ಆಲ್ಕೊಹಾಲನ್ನು ಒಡೆಯುವುದೂ ಅದೇ ಆಲ್ಕೊಹಾಲ್ ಡಿಹೈಡ್ರೋಜನೇಸು. ಆಲ್ಕೊಹಾಲು ಒಡೆಯುವಾಗ ಜಲಜನಕವನ್ನು ಬಿಟ್ಟುಕೊಡುವುದು. ಕ್ಲೋರಲಿಗೆ ಬೇಕಾಗಿರುವುದು ಜಲಜನಕವೇ. ಒಂದೇ ಅಂಗಡಿಯಲ್ಲಿ ಒಬ್ಬನು ಮಾರುವವನು, ಒಬ್ಬನು ಕೊಳ್ಳುವವನು. ಆಲ್ಕೊಹಾಲಿನ ಸನ್ನಿಧಿಯಲ್ಲಿ ಕ್ಲೋರಲು ಬೇಗನೆ ಮತ್ತು ಹೆಚ್ಚಾಗಿ ಟ್ರೈಕ್ಲೋರೊ-ಎಥನಾಲಾಗುತ್ತದೆ. ಹೀಗೆ ಹುಟ್ಟಿದ ದ್ರವ್ಯವು ಆಮೇಲೆ ಆ ಕಿಣ್ವವನ್ನೇ ತಡೆಯುವುದರಿಂದ ಆಲ್ಕೊಹಾಲು ರಕ್ತದಲ್ಲಿ ಹೆಚ್ಚು ಮಟ್ಟದಲ್ಲಿ, ಹೆಚ್ಚು ಹೊತ್ತು ನಿಲ್ಲುವುದು. ೧೯೭೨ರಲ್ಲಿ ಮನುಷ್ಯರ ಮೇಲೆಯೇ ನಡೆದ ಪ್ರಯೋಗಗಳು ಈ ಎರಡನ್ನೂ ಸ್ಥಿರಪಡಿಸಿದುವು. ಅಗ್ಗದ ನೀರುಸೇಂದಿಯು ಗಟ್ಟಿಯಾಗಿ ತೋರುವುದರ ರಹಸ್ಯವು ಇದೇ. ವೈದ್ಯರು ನಿದ್ರೆಗೆಂದು ಕೊಡುತ್ತಿದ್ದ ಪ್ರಮಾಣವು ಅರ್ಧದಿಂದ ಒಂದು ಗ್ರಾಮು. ಹತ್ತು ಗ್ರಾಮುಗಳ ಸುಮಾರಿಗೆ ಮರಣವುಂಟಾಗುವುದೆಂದು ಗ್ರಂಥಗಳು ಹೇಳುವುವಾದರೂ, ನಾಲ್ಕಕ್ಕೇ ಸತ್ತವರೂ ಮೂವತ್ತಕ್ಕೂ ಉಳಿದವರೂ ಉಂಟು. ಗಡಿಗೆಗೆ ಹಿಡಿಯಿಂದ ಪುಡಿಯನ್ನು ಸುರಿಯುವವನ ಕೈಯಲ್ಲಿ ತಕ್ಕಡಿಯಿರುವುದಿಲ್ಲ.

ಹಾಗಾದರೆ ಪುಡಿಯು ಯಕೃತ್ತನ್ನು ಕೆಡಿಸುವುದೋ, ಇಲ್ಲವೋ? ಅತಿಪ್ರಮಾಣವನ್ನು ನುಂಗಿ ಬದುಕಿದವರಲ್ಲಿ ಕಾಮಾಲೆಯೂ ಯಕೃತ್ಕೋಶಗಳ ನಾಶವೂ ಕಂಡುಬಂದಿವೆ. ಬಹುಕಾಲ ಕ್ಲೋರಲನ್ನುಂಡ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳೆದ್ದಿವೆ. ಇದರಲ್ಲಿ ಟ್ರೈಕ್ಲೋರೊ-ಅಸೆಟಿಕ್ ಆಮ್ಲದ ಕೈವಾಡವಿದೆಯೆಂದು ಪಂಡಿತರ ಮತ. ಇಲಿಯ ಯಕೃತ್ತು ಈ ಆಮ್ಲಕ್ಕೆ ಮನುಷ್ಯನದಕ್ಕಿಂತ ಬಹಳ ಸುಲಭವಾಗಿ ಕೆರಳುವುದಾದ್ದರಿಂದ, ಅದನ್ನು ಇದ್ದಂತೆಯೇ ನಮಗೆ ಹೊಂದಿಸಲಾಗದು. ನನ್ನ ಅಭಿಪ್ರಾಯದಲ್ಲಿ, ನಮ್ಮ ಸೀಮೆಯ ಕುಡುಕನ ಯಕೃತ್ತು ಗಂಟುಗಟ್ಟಿ ಜಲೋದರವಾಗುವುದಕ್ಕೆ ಮೊದಲ ಅಪರಾಧಿಯು ಪುಡಿಯಲ್ಲ, ವರ್ಷಾನುವರ್ಷ ಕುಡಿದ ಆಲ್ಕೊಹಾಲೇ. ರಕ್ತಪರೀಕ್ಷೆಯಲ್ಲಿ ಇದರ ಗುರುತು ಸಾಮಾನ್ಯವಾಗಿ ಹೀಗಿರುವುದು: ಎಸ್.ಜಿ.ಓ.ಟಿ.ಯು ಎಸ್.ಜಿ.ಪಿ.ಟಿ.ಯ ಇಮ್ಮಡಿಯಾಗಿದ್ದರೂ, ಎರಡೂ ಮುನ್ನೂರನ್ನು ಮೀರುವುದು ಅಪೂರ್ವ. ಸಾವಿರಗಳನ್ನು ಕಂಡರೆ ಬೇರೆಯ ಕಾರಣವನ್ನು ಹುಡುಕಬೇಕು. ನಮ್ಮಲ್ಲಿ ಅಂತಹ ಕಾರಣವು ಅನೇಕ ವೇಳೆ ಅಂಗಿಯ ಜೇಬಿನಲ್ಲಿಯೇ ಇರುವುದು. ಮೈಕೈನೋವಿಗೆ ನುಂಗುವ ಪ್ಯಾರಸಿಟಮಾಲು ಗುಳಿಗೆಯು ಹಿಡಿಯುವ ಅಡ್ಡದಾರಿಯೂ ಕೊಕೇನಿನದರ ಜಾತಿಯದೇ. ಅಲ್ಲಿಯೂ ಸ್ವಲ್ಪ ಪಾಲು ವಿಷವಾಗುವುದು, ಅಲ್ಲಿಯೂ ಗ್ಲೂಟಥಯೋನೇ ಕಾಪಾಡಬೇಕು. ನಿತ್ಯವೂ ಕುಡಿದು ಅರೆಹೊಟ್ಟೆಯಲ್ಲಿರುವವನಲ್ಲಿ ಆ ದಾಸ್ತಾನು ತಳಕಂಡಿರುತ್ತದೆ. ಗುಳೆಹೋಗಿ ಕಲ್ಲುಮಣ್ಣು ಹೊತ್ತು ಬಂದವನು ಸಂಜೆ ಸೇಂದಿಯನ್ನೂ, ರಾತ್ರಿ ಎರಡು ಗುಳಿಗೆಯನ್ನೂ, ನೋವು ಹೋಗದಿದ್ದರೆ ಮತ್ತ್ತೆರಡನ್ನೂ ತೆಗೆದುಕೊಳ್ಳುವುದು ಹೊಸ ಸಂಗತಿಯಲ್ಲ.

ಪುಡಿಯ ನಿಜವಾದ ಅಪಾಯವು, ಯಕೃತ್ತು ಮೊದಲೇ ಕೆಟ್ಟಿರುವವನಲ್ಲಿ ತಲೆಯೆತ್ತುವುದು. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮೊದಲಾದುವನ್ನು ಆರೋಗ್ಯವಂತವಾದ ಯಕೃತ್ತು ಸೋಸಿಬಿಡುವುದು. ಗಂಟುಗಟ್ಟಿದ ಯಕೃತ್ತು ಸೋಸಲಾರದೆ ಅವು ಮಿದುಳಿಗೇರಿದಾಗ ರೋಗಿಯು ಹಗಲು ತೂಕಡಿಸುವನು, ರಾತ್ರಿ ಎದ್ದು ಓಡಾಡುವನು, ಮಾತು ತೊದಲುವುದು, ಚಾಚಿದ ಕೈಗಳು ಬಡಿದಾಡುವುವು. ಕಡೆಗೆ ಎಚ್ಚರ ತಪ್ಪುವುದು. ನಿದ್ರೌಷಧಗಳು ಈ ಸ್ಥಿತಿಯನ್ನು ಕ್ಷಣದಲ್ಲಿ ತಂದೊಡ್ಡುವುದರಿಂದಲೇ, ಯಕೃತ್ತು ಕೆಟ್ಟವರಿಗೆ ಕ್ಲೋರಲನ್ನು ಕೊಡಬಾರದೆಂದು ಔಷಧಗ್ರಂಥಗಳು ವಿಧಿಸಿರುವುವು. ಅಂತಹ ಯಕೃತ್ತಿನಲ್ಲಿ ಟ್ರೈಕ್ಲೋರೊ-ಎಥನಾಲನ್ನು ಕಟ್ಟಿ ಮೂತ್ರಕ್ಕೆ ಸಾಗಿಸುವ ಕೆಲಸವೂ ನಿಧಾನವಾಗುವುದು. ಈಗ ಮನೆಯವರ ದೃಷ್ಟಿಯಿಂದ ನೋಡಿ. ಕುಡಿದು ಬಂದು ತೊದಲುವುದು, ಬೀಳುವುದು, ಮಲಗಿ ಏಳದಿರುವುದು ಅವರು ದಿನವೂ ಕಂಡದ್ದೇ. ‘ಅಮಲು ಇಳಿದ ಮೇಲೆ ಏಳುತ್ತಾನೆ’ ಎಂದು ಹೊದಿಸಿ ಮಲಗಿಸುವರು. ಅಮಲು ಯಾವುದು, ಯಕೃತ್ತಿನ ಮೂರ್ಛೆ ಯಾವುದು ಎಂಬುದನ್ನು ಆ ಕತ್ತಲಲ್ಲಿ ಬೇರ್ಪಡಿಸಲು ಅವರಿಗೆ ಉಪಾಯವಿಲ್ಲ. ಕಣ್ಣು ಹಳದಿಯಾಗಿದ್ದರೆ, ಹೊಟ್ಟೆ ಊದಿದ್ದರೆ, ಮಲವು ಕೀಲಿನಂತೆ ಕಪ್ಪಾಗಿದ್ದರೆ, ಅಥವಾ ರೂಢಿಯ ಹೊತ್ತು ಮೀರಿಯೂ ಎಬ್ಬಿಸಿದಾಗ ಏಳದಿದ್ದರೆ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇದಕ್ಕೆ ವಿರುದ್ಧವಾದ ಕೊನೆಯೂ ಒಂದಿದೆ. ಕ್ಲೋರಲಿಗೆ ಒಗ್ಗಿದ ದೇಹಕ್ಕೆ ಅದು ಹಠಾತ್ತಾಗಿ ತಪ್ಪಿದರೆ ನಡುಕ, ಸನ್ನಿ, ಸೆಳೆವುಗಳು ಬರುವುವು. ಕೆಲವರು ಸಾಯುವುದೂ ಉಂಟು. ೨೦೧೫ರ ಸೆಪ್ಟೆಂಬರಿನಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯನ್ನು ಬಿಗಿಯಾಗಿ ತಡೆದಾಗ, ನಿಜಾಮಾಬಾದು, ನಮ್ಮ ಜಿಲ್ಲೆಗೆ ತಾಗಿಕೊಂಡಿದ್ದ ಮಹಬೂಬನಗರ ಮೊದಲಾದೆಡೆಗಳಲ್ಲಿ ನೂರಾರು ಜನರು ಈ ಅವಸ್ಥೆಯಲ್ಲಿ ಆಸ್ಪತ್ರೆಗಳನ್ನು ಸೇರಿದರು. ದಾಳಿಯು ತಪ್ಪೆಂದು ಇದರ ಅರ್ಥವಲ್ಲ; ದಾಳಿಯ ದಿನವೇ ವೈದ್ಯರಿಗೂ ಸುದ್ದಿ ಹೋಗಬೇಕಾಗಿತ್ತು. ಚಿಕಿತ್ಸೆಯಲ್ಲಿಯೂ ಯಕೃತ್ತನ್ನು ಮರೆಯುವಂತಿಲ್ಲ. ಸಾಮಾನ್ಯವಾಗಿ ಕೊಡುವ ಡಯಾಜಿಪಾಮನ್ನು ಯಕೃತ್ತು ಉತ್ಕರ್ಷಿಸಿ ಕರಗಿಸಬೇಕು. ಕೆಟ್ಟ ಯಕೃತ್ತಿಗೆ ಅದು ಭಾರವು. ಲೊರಾಜಿಪಾಮಿಗೆ ಆ ಸುತ್ತುದಾರಿಯಿಲ್ಲವಾದ್ದರಿಂದ ಅಂಥವರಲ್ಲಿ ಅದೇ ಮೇಲೆನ್ನುವರು.

ರೋಗಿಯು ಕುಡಿದದ್ದು ಮರದ ಸೇಂದಿಯೋ ಪುಡಿಯದೋ ಎಂದು ಕೇಳಿ ತಿಳಿಯುವುದು ಸುಲಭವಲ್ಲ; ಅವನಿಗೂ ತಿಳಿದಿರುವುದಿಲ್ಲ, ತಿಳಿದಿದ್ದರೂ ಹೇಳನು. ಮೂತ್ರವು ಹೇಳುವುದು. ಕ್ಲೋರಲಿನಿಂದ ಯಕೃತ್ತು ಕಟ್ಟಿ ಕಳಿಸುವ ಯುರೊಕ್ಲೋರಲಿಕ್ ಆಮ್ಲವು ೧೮೭೫ರಲ್ಲಿಯೇ ಗುರುತಿಗೆ ಬಂದಿತ್ತು. ತಾಮ್ರದ ದ್ರಾವಣದಿಂದ ಸಕ್ಕರೆಯನ್ನು ಹುಡುಕುವ ಹಳೆಯ ಪರೀಕ್ಷೆಯಲ್ಲಿ ಅದು ಸಕ್ಕರೆಯಂತೆಯೇ ವರ್ತಿಸುವುದರಿಂದ, ಸಿಹಿಮೂತ್ರವಿಲ್ಲದವನಿಗೂ ಆ ರೋಗವಿದೆಯೆಂದು ಭ್ರಮೆಯಾಗುವುದುಂಟು. ಇದಕ್ಕಿಂತ ಖಚಿತವಾದುದು ಫುಜಿವಾರನ ಪರೀಕ್ಷೆ. ಮೂತ್ರಕ್ಕೆ ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣವನ್ನೂ ಪಿರಿಡೀನನ್ನೂ ಬೆರಸಿ, ಕುದಿನೀರಿನಲ್ಲಿ ಒಂದೆರಡು ನಿಮಿಷ ಇರಿಸಿದರೆ, ಮೇಲೆ ತೇಲುವ ಪಿರಿಡೀನಿನ ಪದರವು ಗುಲಾಬಿ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದು. ಪಕ್ಕದಲ್ಲಿ ಬರಿಯ ನೀರಿನ ನಳಿಗೆಯೊಂದನ್ನು ಹೋಲಿಕೆಗೆ ಇಟ್ಟಿರಬೇಕು. ಪಿರಿಡೀನಿನ ಹಬೆಯು ದುರ್ಗಂಧವೂ ವಿಷಕರವೂ ಆದುದರಿಂದ ಗಾಳಿಗೂಡಿನಲ್ಲಿಯೇ ಇದನ್ನು ಮಾಡತಕ್ಕದ್ದು. ಟ್ರೈಕ್ಲೋರೊ-ಅಸೆಟಿಕ್ ಆಮ್ಲವು ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ, ಕುಡಿದು ಮೂರು ನಾಲ್ಕು ದಿನಗಳಾದ ಮೇಲೆ ಬಂದ ರೋಗಿಯಲ್ಲಿಯೂ ಬಣ್ಣವು ಕಾಣಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಯಾವ ಕಾಲೇಜಿನ ರಸಾಯನಶಾಲೆಯಲ್ಲಾದರೂ ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಒದಗಿಸಿಕೊಳ್ಳುವುದು ಕಷ್ಟವಲ್ಲ.